ಹಳೇ ಸೈಕಲ್, ಒಂದು ತಾಡಪತ್ರಿ, ನಾಲ್ಕು ದಿನ: ಹುಬ್ಬಳ್ಳಿಯಿಂದ ಗದಗ, ಹಾವೇರಿ ಸೀಮೆ ಸುತ್ತಿ ಬರುವ ಬಗೆ

ಮೊದಲ ಸಲ ಸೈಕಲ್ ಮೇಲೆ ಊರು ಬಿಟ್ಟಾಗ ನಾನು ರಾತ್ರಿ ಎಂಟೂವರೆಗೆ ಒಂದು ಹಳ್ಳಿ ಮುಟ್ಟಿದ್ದೆ. ನಾಯಿಗಳು ಬೊಗಳಿ ಇಡೀ ಓಣಿ ಎಬ್ಬಿಸಿದವು. ಹಿರಿಯರೊಬ್ಬರು ಹೊರಗೆ ಬಂದು ಬ್ಯಾಟರಿ ಮುಖಕ್ಕೇ ಹಿಡಿದು "ಯಾವೂರಾಂವಪಾ ನೀ, ಈ ಹೊತ್ತಿನ್ಯಾಗ?" ಅಂದರು. ನಾನು ಹೇಳಿದ ಒಂದು ಮಾತನ್ನೂ ಅವರು ನಂಬಲಿಲ್ಲ. ನಂಬೋದಾದರೂ ಹೇಗೆ? ಹುಬ್ಬಳ್ಳಿಯಿಂದ ಬಸ್ ಇರುವಾಗ ಸೈಕಲ್ ಹೊಡ್ಕೊಂಡು ಬಂದೆ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಆ ರಾತ್ರಿ ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂತೇ ಬೆಳಗು ಮಾಡಿದೆ, ಸೊಳ್ಳೆಗಳಿಗೆ ಹಬ್ಬ. ಮುಂದಿನ ವರ್ಷ ಅದೇ ಹಳ್ಳಿಗೆ ಸಂಜೆ ಐದಕ್ಕೆ ಹೋದೆ. ಅದೇ ಮುಖ, ಅದೇ ಸೈಕಲ್. ಗುಡಿ ಪೌಳಿಯಲ್ಲಿ ಜಾಗ ಸಿಕ್ಕಿತು, ಬಿಸಿ ರೊಟ್ಟಿ ಸಿಕ್ಕಿತು, ಬೆಳಿಗ್ಗೆ ಚಹಾ ಕುಡಿಸದೆ ಬಿಡಲಿಲ್ಲ.

ಅದಕ್ಕೇ ಇಲ್ಲಿ ಸಾಮಾನಿಗಿಂತ ಹೊತ್ತಿನ ಮಾತು ಜಾಸ್ತಿ ಬರುತ್ತದೆ. ದುಬಾರಿ ಟೆಂಟು, ಹೊರದೇಶದ ಬ್ಯಾಗು, ಲಕ್ಷದ ಸೈಕಲ್ ಇದ್ದವರು ಇದನ್ನು ಓದಬೇಕಾಗಿಲ್ಲ. ಕೈಯಲ್ಲಿ ಮೂರ್ನಾಲ್ಕು ಸಾವಿರ ಇದೆ, ನಾಲ್ಕು ದಿನ ರಜೆ ಇದೆ ಅನ್ನುವವರಿಗೆ ಬರೆಯುತ್ತಿದ್ದೇನೆ.

ದಾರಿ ಮತ್ತು ಗಾಳಿ

ನಾನು ಹೇಳುವ ಸುತ್ತು ಹೀಗಿದೆ. ಮೊದಲ ದಿನ ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ದಾಟಿ ಲಕ್ಕುಂಡಿ, ಸುಮಾರು 70 ಕಿ.ಮೀ. ಎರಡನೇ ದಿನ ಗದಗಕ್ಕೆ ವಾಪಸ್ ಬಂದು ಮಾಗಡಿ ಕೆರೆ ನೋಡಿಕೊಂಡು ಲಕ್ಷ್ಮೇಶ್ವರ, 50ರ ಮೇಲೆ ಸ್ವಲ್ಪ. ಮೂರನೇ ದಿನ ಸವಣೂರು ಮುಟ್ಟಿ ಬಂಕಾಪುರ, 40ರ ಆಸುಪಾಸು. ನಾಲ್ಕನೇ ದಿನ ಶಿಗ್ಗಾವಿ ಮೇಲೆ ಹುಬ್ಬಳ್ಳಿ, ಸುಮಾರು 55. ಒಟ್ಟು 220 ಕಿ.ಮೀ. ಅಂತ ಇಟ್ಟುಕೊಳ್ಳಿ. ಮೂರೇ ದಿನ ರಜೆ ಇದ್ದರೆ ಲಕ್ಷ್ಮೇಶ್ವರದಿಂದಲೇ ಗುಡಗೇರಿ, ಕುಂದಗೋಳ ಹಿಡಿದು ಮನೆಗೆ ಬನ್ನಿ.

ಎಡಕ್ಕೆ ಸುತ್ತಬೇಕೋ ಬಲಕ್ಕೋ ಅನ್ನೋದನ್ನು ಗಾಳಿ ಹೇಳುತ್ತದೆ. ಗದಗದ ಸುತ್ತ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಪಡುವಣ ಗಾಳಿ. ಹುಬ್ಬಳ್ಳಿಯಿಂದ ಗದಗಕ್ಕೆ ಯಾರೋ ಹಿಂದಿನಿಂದ ನೂಕಿದ ಹಾಗೆ ಹೋಗುತ್ತೀರಿ, ಬರುವಾಗ ಮಾತ್ರ ಕಣ್ಣಲ್ಲಿ ನೀರು. ಚಳಿಗಾಲದಲ್ಲಿ ಉಲ್ಟಾ, ಮೂಡಗಾಳಿ. ಮೊದಲ ದಿನ ಕಾಲಲ್ಲಿ ಕಸುವು ಇರುವಾಗಲೇ ಗಾಳಿಗೆ ಎದುರಾಗಿ ಗದಗ ಮುಟ್ಟಿಬಿಟ್ಟರೆ ಲಕ್ಷ್ಮೇಶ್ವರ, ಸವಣೂರಿನ ಕಡೆ ಗಾಳಿಯೇ ತಳ್ಳಿಕೊಂಡು ಹೋಗುತ್ತದೆ. ಬೆಳಿಗ್ಗೆ ಹತ್ತರ ಒಳಗೆ ಗಾಳಿ ಇನ್ನೂ ಎದ್ದಿರುವುದಿಲ್ಲ. ಮೊದಲ ದಿನದ ಮುಕ್ಕಾಲು ದಾರಿ ಆ ಹೊತ್ತಿನೊಳಗೆ ಮುಗಿಯಬೇಕು.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಜನವರಿಯಲ್ಲಿ ಹೋದರೆ ಸುಲಗಾಯಿ (ಹಸಿ ಕಡಲೆ), ಸೀತೆನಿ (ಸುಟ್ಟ ಎಳೆ ಜೋಳ) ದಾರಿಯಲ್ಲೇ ಸಿಗುತ್ತವೆ. ಎಳ್ಳ ಅಮಾವಾಸ್ಯೆ ದಿನ ಈ ಸೀಮೆಯಲ್ಲಿ ಸೈಕಲ್ ಮೇಲೆ ಇದ್ದರೆ ನಿಮ್ಮ ಪುಣ್ಯ. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆ ಕೊಟ್ಟು, ಹೊಲದಲ್ಲೇ ಉಣ್ಣಲು ಕೂತವರು ದಾರಿಹೋಕರನ್ನು ಕೂಗಿ ಕರೀತಾರೆ. ನಾನು ಒಮ್ಮೆ ಮೂರು ಹೊಲದಲ್ಲಿ ಉಂಡು ಆ ದಿನ ಹದಿನೆಂಟೇ ಕಿಲೋಮೀಟರ್ ಹೋದೆ.

ಮಳೆಯಲ್ಲಿ ಬೇಡ. ಕಾರಣ ಎರೆ ಮಣ್ಣು, ಅಂದರೆ ಈ ಸೀಮೆಯ ಅಂಟುವ ಕಪ್ಪು ಮಣ್ಣು. ಅಕ್ಟೋಬರ್‌ನಲ್ಲಿ ಒಮ್ಮೆ ಡಾಂಬರು ಬಿಟ್ಟು ಅಡ್ಡದಾರಿ ಹಿಡಿದೆ, ಹತ್ತು ನಿಮಿಷದ ಮಳೆ ಬಿತ್ತು ಅಷ್ಟೇ. ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗೋದೇ ನಿಂತಿತು. ಕಡ್ಡಿಯಿಂದ ಕೆದರಿ ತೆಗೆದರೆ ನಾಲ್ಕು ಹೆಜ್ಜೆಗೆ ಮತ್ತೆ ಅಷ್ಟೇ. ಕೊನೆಗೆ ಸೈಕಲ್ ಹೆಗಲಿಗೆ ಹಾಕಿ ಒಂದೂವರೆ ಕಿಲೋಮೀಟರ್ ನಡೆದೆ, ನನ್ನ ಚಪ್ಪಲಿ ಒಂದೊಂದೂ ಎರಡೆರಡು ಕಿಲೋ ಆಗಿದ್ದವು. ಮೋಡ ಕಂಡರೆ ಡಾಂಬರು ಬಿಡಬೇಡಿ, ಇಷ್ಟೇ.

ಸೈಕಲ್ ಆರಿಸುವುದು

ಕಬ್ಬಿಣದ ಫ್ರೇಮಿನ ಯಾವುದೇ ಸೈಕಲ್ ನಡೆಯುತ್ತದೆ. ನನ್ನದು 26 ಇಂಚಿನ ಗಾಲಿಯ ಹಳೇ ಗೇರ್ ಸೈಕಲ್, ಎರಡೂವರೆ ಸಾವಿರಕ್ಕೆ ಕೊಂಡದ್ದು. ಗೇರ್ ಇಲ್ಲದ ಕರಿ ಸೈಕಲ್ ಆದರೂ ಅಡ್ಡಿಯಿಲ್ಲ, ಈ ಸುತ್ತಿನಲ್ಲಿ ಘಾಟ್ ಇಲ್ಲ. ನಮ್ಮ ಹಾಲಿನವರು ಎರಡೂ ಕಡೆ ಕ್ಯಾನ್ ಕಟ್ಟಿ ದಿನಾ ಓಡಾಡುತ್ತಿದ್ದದ್ದು ಅದೇ ಸೈಕಲ್ ಮೇಲೆ ಅಲ್ವಾ.

ಗಾಲಿ ಅಳತೆ ಮಾತ್ರ ನೋಡಿ ಆರಿಸಿ. 26 ಇಂಚಿನ ಟ್ಯೂಬು, ಕರಿ ಸೈಕಲ್‌ನ 28 ಇಂಚಿನ ಟ್ಯೂಬು ತಾಲೂಕಿನ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. ರೇಸ್ ಸೈಕಲ್‌ನ ತೆಳು ಟ್ಯೂಬು ಹಳ್ಳಿ ಕಡೆ ಸಿಗಲ್ಲ. ವಾಲ್ವ್ ಬೈಕಿನದ್ದರ ಹಾಗೆ ದಪ್ಪ ಇದ್ದರೆ ಪಂಕ್ಚರ್ ಅಂಗಡಿಯ ಮಷೀನ್ ನೇರ ಕೂರುತ್ತದೆ. ಆದರೆ ಗಾಳಿ ಹಾಕುವ ಹುಡುಗನಿಗೆ "ಸ್ವಲ್ಪ ಸ್ವಲ್ಪ ಬಿಡಪಾ" ಅಂತ ಹೇಳಿ. ಲಾರಿಗೆ ಬಿಟ್ಟ ಹಾಗೆ ಬಿಟ್ಟರೆ ಟ್ಯೂಬು ಢಂ ಅನ್ನುತ್ತದೆ. ಹೆಬ್ಬೆರಳಿಂದ ಜೋರಾಗಿ ಒತ್ತಿದರೆ ತುಸು ಮಾತ್ರ ಒಳಗೆ ಹೋಗಬೇಕು. ಭಾರ ಹಿಂದೆ ಇರುವುದರಿಂದ ಹಿಂದಿನ ಗಾಲಿಗೆ ಮುಂದಿನದಕ್ಕಿಂತ ಸ್ವಲ್ಪ ಜಾಸ್ತಿ.

ಹೊರಡುವ ವಾರದ ಮುಂಚೆ ಸೈಕಲ್ ಅಂಗಡಿಗೆ ಒಯ್ದು ಎರಡೂ ಗಾಲಿಯ ಬೆಂಡ್ ತೆಗೆಸಿ, ಬ್ರೇಕ್ ರಬ್ಬರ್ ಬದಲಿಸಿ, ಬೇರಿಂಗಿಗೆ ಗ್ರೀಸ್ ಹಾಕಿಸಿ. ಹಿಂದಿನ ರಾತ್ರಿ ಅಲ್ಲ, ವಾರದ ಮುಂಚೆ. ರಿಪೇರಿಯಾದ ಸೈಕಲ್ ಸರಿ ಕೂತಿದೆಯೋ ಇಲ್ಲವೋ ಗೊತ್ತಾಗೋದು ಮೂವತ್ತು ಕಿಲೋಮೀಟರ್ ಹೊಡೆದ ಮೇಲೆ. ಹುಬ್ಬಳ್ಳಿಯವರು ಒಂದು ಭಾನುವಾರ ನಸುಕಿನಲ್ಲಿ ಸಾಮಾನು ಕಟ್ಟಿಕೊಂಡೇ ಧಾರವಾಡಕ್ಕೆ ಹೋಗಿ ಬನ್ನಿ, 40 ಕಿ.ಮೀ. ಆಯ್ತು. ರಸ್ತೆ ನಡುವೆ ಚಿಗರಿ ಬಸ್ಸಿಗೆಂದೇ ಬಿಟ್ಟ ದಾರಿಗೆ ಮಾತ್ರ ನುಗ್ಗಬೇಡಿ.

ಸೀಟಿನ ಎತ್ತರ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಹತ್ತಕ್ಕೆ ಎಂಟು ಜನ ಸೀಟು ತಗ್ಗಿಸಿಕೊಂಡೇ ಹೊಡೀತಾರೆ, ಆಮೇಲೆ ಮೊಣಕಾಲು ನೋವು ಅಂತ ಸೈಕಲ್‌ಗೆ ಬೈತಾರೆ.

ಮುಳ್ಳಿನ ಉಪಾಯ

ಈ ಸೀಮೆಯಲ್ಲಿ ನಿಮ್ಮ ನಿಜವಾದ ವೈರಿ ಜಾಲಿ ಮುಳ್ಳು. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ. ಸಾಲದ್ದಕ್ಕೆ ಸುಗ್ಗಿಯಲ್ಲಿ ರೈತರು ಡಾಂಬರು ರಸ್ತೆಯನ್ನೇ ಕಣ ಮಾಡಿ ಫಸಲು ಹರವುತ್ತಾರೆ, ಅದರ ಸುತ್ತ ಕಲ್ಲು, ಮುಳ್ಳುಕಂಟಿ ಇಡುತ್ತಾರೆ. ಅಲ್ಲಿ ಇಳಿದು ನಡೆಯಿರಿ. ಕಾಳಿನ ಮೇಲೆ ಗಾಲಿ ಜಾರುತ್ತದೆ, ಮುಳ್ಳಿನ ಮೇಲೆ ಗಾಳಿ ಹೋಗುತ್ತದೆ.

ಖರ್ಚಿಲ್ಲದ ಉಪಾಯ ಒಂದಿದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಹಳೇ ಟ್ಯೂಬ್ ಕೇಳಿ ತನ್ನಿ. ವಾಲ್ವ್ ಕತ್ತರಿಸಿ ಹಾಕಿ, ಒಳಸುತ್ತಿನ ಗುಂಟ ಉದ್ದಕ್ಕೆ ಸೀಳಿ, ಪಟ್ಟಿಯ ಹಾಗೆ ಬಿಚ್ಚಿ. ಅದನ್ನು ಟೈರಿನ ಒಳಗೆ ಹಾಸಿ, ಅದರ ಮೇಲೆ ಒಳ್ಳೆಯ ಟ್ಯೂಬು ಕೂರಿಸಿ. ಮುಳ್ಳು ಈಗ ಎರಡು ಪದರ ದಾಟಬೇಕು. ಸೈಕಲ್ ಸ್ವಲ್ಪ ಭಾರ ಅನ್ನಿಸುತ್ತದೆ, ಆದರೆ ನನಗೆ ದಿನಕ್ಕೆ ಮೂರು ಪಂಕ್ಚರ್ ಆಗುತ್ತಿದ್ದದ್ದು ಇಡೀ ಸುತ್ತಿಗೆ ಒಂದಕ್ಕೆ ಇಳಿಯಿತು.

ಆದರೂ ಆಗುತ್ತದೆ. ಆಗ ಏನು ಮಾಡಬೇಕೆಂದರೆ, ಟ್ಯೂಬು ಹೊರಗೆ ತೆಗೆದು ಗಾಳಿ ತುಂಬಿ ತುಟಿಯ ಹತ್ತಿರ ಹಿಡಿದು ನಿಧಾನಕ್ಕೆ ಸುತ್ತಿಸಿ. ಬಕೆಟ್ ನೀರಿಲ್ಲದ ಕಡೆ ತುಟಿಗೆ ಗಾಳಿ ತಾಗುವುದು ಚೆನ್ನಾಗಿ ಗೊತ್ತಾಗುತ್ತದೆ. ತೂತು ಸಿಕ್ಕ ಕಡೆ ಪೆನ್ನಿನಿಂದ ಗುರುತು ಮಾಡಿ. ಈಗ ಟೈರಿನ ಒಳಗೆ ಒಂದು ಬಟ್ಟೆ ಚೂರು ಆಡಿಸಿ. ಬೆರಳು ಬೇಡ, ಬಟ್ಟೆ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳಿನ ಮೊನೆ ಇದೆ. ಅದನ್ನು ತೆಗೆಯದೆ ಪ್ಯಾಚ್ ಹಾಕಿದರೆ ಅರ್ಧ ಕಿಲೋಮೀಟರ್‌ಗೆ ಮತ್ತೆ ಕೂತಿರುತ್ತೀರಿ. ಉಜ್ಜುಕಾಗದದಿಂದ ತೂತಿನ ಸುತ್ತ ತಿಕ್ಕಿ ಸಲ್ಯೂಷನ್ ತೆಳ್ಳಗೆ ಹಚ್ಚಿ ಸುಮ್ನೆ ಕೂತುಬಿಡಿ, ಐದು ನಿಮಿಷ. ಎಲ್ಲರೂ ಎಡವೋದು ಇಲ್ಲೇ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ನಿಲ್ಲುವುದಿಲ್ಲ. ಬೆರಳು ಮುಟ್ಟಿದರೆ ಅಂಟಬಾರದು, ಆಗ ಪ್ಯಾಚ್ ಇಟ್ಟು ಜೋರಾಗಿ ಒತ್ತಿ.

ಪಂಪು, ಟೈರ್ ಎಬ್ಬಿಸುವ ಎರಡು ಲಿವರ್, ಪ್ಯಾಚು, ಸಲ್ಯೂಷನ್, ಒಂದು ಹೊಸ ಟ್ಯೂಬು, ಪಾನಾ, ನಿಮ್ಮ ಗಾಲಿಯ ಅಳತೆಯದೇ ನಾಲ್ಕು ಕಡ್ಡಿ (ಸ್ಪೋಕ್). ಕಡ್ಡಿಗಳನ್ನು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಬಿಡಿ. ಭಾರ ಹೊತ್ತಾಗ ಮೊದಲು ಮುರಿಯೋದು ಹಿಂದಿನ ಗಾಲಿಯ ಚೈನಿನ ಬದಿಯ ಕಡ್ಡಿ. ಒಂದು ಮುರಿದರೆ ಹೆದರಬೇಡಿ, ಪಕ್ಕದ ಕಡ್ಡಿಗೆ ಸುತ್ತಿ ನಿಧಾನಕ್ಕೆ ಮುಂದಿನ ಊರು ಮುಟ್ಟಬಹುದು. ಚೈನಿಗೆ ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ, ಮೇಲೆ ಒರೆಸಿಬಿಡಿ. ಗಾಡಿಯಿಂದ ತೆಗೆದ ಕರಿ ಆಯಿಲ್ ಹಚ್ಚಿದರೆ ಎರೆ ಧೂಳೆಲ್ಲ ಅಲ್ಲೇ ಕೂರುತ್ತದೆ.

ಚೀಲ ಮತ್ತು ಹಾಸಿಗೆ

ಚೀಲಕ್ಕೆ ದುಡ್ಡು ಹಾಕಬೇಡಿ. ಎರಡು ಹಳೇ ಶಾಲೆ ಬ್ಯಾಗು ತೆಗೆದುಕೊಂಡು ಕ್ಯಾರಿಯರ್‌ನ ಎರಡೂ ಬದಿ ಇಳಿಬಿಟ್ಟು, ಬೆನ್ನ ಪಟ್ಟಿಗಳನ್ನು ಮೇಲೆ ಒಂದಕ್ಕೊಂದು ಬಿಗಿದು, ಕೆಳಗೆ ಟ್ಯೂಬ್ ಪಟ್ಟಿಯಿಂದ ಕಟ್ಟಿ. ಒಳಗಡೆ ಯೂರಿಯಾ ಚೀಲ ತೊಳೆದು ಹಾಕಿದರೆ ಮಳೆಗೂ ಚಿಂತೆಯಿಲ್ಲ. ಚೀಲ ಆದಷ್ಟು ಹಿಂದಕ್ಕಿರಲಿ, ಇಲ್ಲಾಂದ್ರೆ ಪೆಡಲ್ ತುಳಿಯುವಾಗ ಹಿಮ್ಮಡಿ ಬಡಿಯುತ್ತದೆ. ಒಟ್ಟು ಭಾರ 10 ಕಿಲೋ ದಾಟಬಾರದು. ಬೆನ್ನಿಗೆ ಏನೂ ಹಾಕಿಕೊಳ್ಳಬೇಡಿ.

ಟೆಂಟಿನ ಬದಲು ಒಂದು ತಾಡಪತ್ರಿ, 9 ಅಡಿಗೆ 12 ಅಡಿ, ಹಗುರಾದದ್ದು. ಮೂಲೆಗೆ ಕಣ್ಣು ಇರಬೇಕು. ಜೊತೆಗೆ ಒಬ್ಬರ ಸೊಳ್ಳೆ ಪರದೆ, ಹತ್ತು ಮೀಟರ್ ಹಗ್ಗ. ಗಿಡದಿಂದ ಸೈಕಲ್ ಸೀಟಿಗೆ ಹಗ್ಗ ಬಿಗಿದು ತಾಡಪತ್ರಿಯ ಒಂದು ಭಾಗ ನೆಲಕ್ಕೆ ಹಾಸಿ, ಉಳಿದದ್ದನ್ನು ಹಗ್ಗದ ಮೇಲಿಂದ ಇಳಿಬಿಟ್ಟರೆ ಮನೆ ತಯಾರು. ಎರಡೂ ತುದಿ ಮುಚ್ಚಬೇಡಿ. ಮುಚ್ಚಿದರೆ ಉಸಿರಿನ ನೀರೇ ಒಳಗಿಂದ ಹನಿಯುತ್ತದೆ. ಚಳಿಗಾಲದ ಇಬ್ಬನಿಗೆ ಮೇಲಿನ ಹೊದಿಕೆ ಸಾಕು.

ಸ್ಲೀಪಿಂಗ್ ಬ್ಯಾಗ್ ಅಂತ ನಾನು ಎರಡು ಸಾವಿರ ಸುರಿದೆ. ಡಿಸೆಂಬರ್‌ನ ಲಕ್ಕುಂಡಿಯಲ್ಲಿ ಅದರೊಳಗೆ ನಡುಗಿದ್ದೂ ಆಯ್ತು. ಈಗ ಅಜ್ಜಿಯ ಕಾಲದ ಕೌದಿಯೇ. ಭಾರ ಹೌದು, ಆದರೆ ಹಾಸಲೂ ಹೊದೆಯಲೂ ಒಂದೇ.

ಜಾಗ ಆರಿಸುವಾಗ ಮಣ್ಣು ನೋಡಿ. ಒಣಗಿದ ಎರೆಯಲ್ಲಿ ಕೈ ಹೋಗುವಷ್ಟು ಬಿರುಕು ಇರುತ್ತವೆ, ಅದರಲ್ಲಿ ಇಲಿ, ಚೇಳು, ಹಾವು ಎಲ್ಲ ಸಂಸಾರ ಮಾಡುತ್ತವೆ. ಗೂಟವೂ ನಿಲ್ಲಲ್ಲ. ಶಿರಹಟ್ಟಿ ಕಡೆ ಸಾಗಿದ ಹಾಗೆ ಮಸಾರಿ (ಕೆಂಪು ಮಣ್ಣು) ಸಿಗುತ್ತದೆ, ಅದು ಗಟ್ಟಿ ನೆಲ, ಅಲ್ಲಿ ಮಲಗಬಹುದು. ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಹಾಸಬೇಡಿ. ಬೆಣ್ಣಿಹಳ್ಳ ಹೇಗೆ ಏರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಮೇಲೆಲ್ಲೋ ಮಳೆಯಾದರೆ ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ನೀರು ಬರುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ತಂಗುವ ಹಾಗಿಲ್ಲ, ಚಿರತೆಯೂ ಇದೆ. ದೂರದಿಂದ ನೋಡಿ ಬನ್ನಿ.

ಮಲಗಲು ಜಾಗ ಕೇಳುವುದು

ನಿಜ ಹೇಳಬೇಕೆಂದರೆ ನಾಲ್ಕು ದಿನದಲ್ಲಿ ತಾಡಪತ್ರಿ ಬಿಚ್ಚೋದು ಒಂದೇ ರಾತ್ರಿ. ಉಳಿದದ್ದು ಗುಡಿ, ಮಠ, ಶಾಲೆ ಕಟ್ಟೆ, ಇಲ್ಲಾ ಯಾರದೋ ಮನೆಯ ಜಗಲಿ. ಅದಕ್ಕೆ ದಿನವನ್ನೇ ಹಾಗೆ ಕಟ್ಟಿಕೊಳ್ಳಬೇಕು. ಐದೂವರೆಗೆ ಏಳುವುದು, ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಮೇಲೆ ಇರುವುದು, ಹನ್ನೊಂದರ ಹೊತ್ತಿಗೆ ದಿನದ ಮುಖ್ಯ ದಾರಿ ಮುಗಿಸುವುದು. ಹನ್ನೆರಡರಿಂದ ಮೂರರವರೆಗೆ ಊಟ, ನಿದ್ದೆ, ಊರಲ್ಲಿ ನೋಡುವುದು ಇದ್ದರೆ ನೋಡುವುದು. ಆಮೇಲೆ ಹತ್ತು ಹದಿನೈದು ಕಿಲೋಮೀಟರ್ ಸಾವಕಾಶ. ಸಂಜೆ ಐದಕ್ಕೆ ಊರಿನ ಕಟ್ಟೆ ಮುಂದೆ ಸೈಕಲ್ ನಿಲ್ಲಬೇಕು.

ಐದಕ್ಕೇ ಯಾಕೆ? ಆ ಹೊತ್ತಿಗೆ ಹಿರಿಯರು ಕಟ್ಟೆಗೆ ಬಂದಿರುತ್ತಾರೆ, ನಿಮ್ಮ ಮುಖ ಬೆಳಕಲ್ಲಿ ಕಾಣುತ್ತದೆ, ನಿಮ್ಮ ಬಗ್ಗೆ ವಿಚಾರಿಸಲು ಅವರಿಗೂ ಸಮಯ ಇರುತ್ತದೆ. ಹೋದ ಕೂಡಲೇ ಜಾಗ ಕೇಳಬೇಡಿ. ಚಹಾ ಅಂಗಡಿಯಲ್ಲಿ ಒಂದು ಚಹಾ ಕುಡಿಯಿರಿ. ಸೈಕಲ್ ನೋಡಿ ಅವರೇ ಮಾತಿಗೆ ಬರುತ್ತಾರೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಮಂದಿ ಅಣ್ಣತಮ್ಮಂದಿರು, ಲಗ್ನ ಆಗಿದೆಯೋ ಇಲ್ಲವೋ, ಎಲ್ಲ ಮುಗಿಯಲಿ. ಆಮೇಲೆ ಅವರಲ್ಲಿ ಹಿರಿಯರಾದವರ ಹತ್ತಿರ "ಅಜ್ಜಾರ, ಇವತ್ತೊಂದು ರಾತ್ರಿ ಗುಡಿ ಪೌಳ್ಯಾಗ ಮಲಗಬಹುದೇನ್ರಿ? ನಸುಕಿನ್ಯಾಗ ಎದ್ದು ಹೋಗ್ತೀನ್ರಿ" ಅಂತ ಕೇಳಿ. ಕೊನೆಯ ಮಾತು ಬಿಡಬೇಡಿ, ಎಷ್ಟು ಹೊತ್ತು ಇರುತ್ತೀರಿ ಅಂತ ಗೊತ್ತಾದರೆ ಹೂಂ ಅನ್ನುವುದು ಸುಲಭ. ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ, ಮಠಗಳಲ್ಲಿ ಕೇಳುತ್ತಾರೆ. ಗುಡಿಯಲ್ಲಿ ಮಲಗಿದರೆ ಹುಂಡಿಗೆ ಐವತ್ತು ರೂಪಾಯಿ ಹಾಕಿ. ಬೆಳಿಗ್ಗೆ ಮಲಗಿದ ಜಾಗ ಗುಡಿಸಿ ಹೊರಡಿ, ಮುಂದೆ ಬರುವ ಸೈಕಲ್‌ನವನಿಗೂ ಜಾಗ ಸಿಗಬೇಕಲ್ಲ.

ಹೆಣ್ಣುಮಕ್ಕಳು ಹೋಗುವುದಾದರೆ ಇಬ್ಬರಾದರೂ ಇರಲಿ ಅನ್ನೋದು ನನ್ನ ಅಭಿಪ್ರಾಯ, ಕೇಳುವುದೂ ಮನೆಯ ಹೆಂಗಸರನ್ನೇ ಕೇಳಿ. ತಂಗಿ ಒಮ್ಮೆ ಜೊತೆಗೆ ಬಂದಿದ್ದಳು. ಅವಳನ್ನು ಒಬ್ಬ ಅಕ್ಕ ಒಳಗೆ ಕರೆದು ಬಿಸಿನೀರು ಕಾಯಿಸಿ ಕೊಟ್ಟು ನಡುಮನೆಯಲ್ಲಿ ಹಾಸಿ ಮಲಗಿಸಿದರು. ನಾನು ಹೊರಗೆ ಎತ್ತುಗಳ ಪಕ್ಕ.

ಊಟ, ನೀರು

ಸ್ಟವ್ ಒಯ್ಯಬೇಡಿ. ಖಾನಾವಳಿ ಇರುವ ಸೀಮೆಯಲ್ಲಿ ಅಡುಗೆ ಸಾಮಾನು ಹೊರೋದು ದಡ್ಡತನ. ರೊಟ್ಟಿ, ಎರಡು ಪಲ್ಯ, ಚಟ್ನಿ, ಅನ್ನ, ಸಾರು, ನೂರು ರೂಪಾಯಿ ಆಸುಪಾಸಿಗೆ ಹೊಟ್ಟೆ ತುಂಬುತ್ತದೆ. ಮಧ್ಯಾಹ್ನ ಅಲ್ಲಿ ಉಣ್ಣಿ. ರಾತ್ರಿಗೆ ಕಟ್ಟಿಕೊಂಡು ಹೋದದ್ದು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಊರಲ್ಲಿ ಮೊಸರು ಸಿಕ್ಕರೆ ಆಯ್ತು. ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ ಅನ್ನುವವರಿಗೆ ನಮ್ಮ ಅವ್ವ ಹೇಳಿಕೊಟ್ಟದ್ದು: ಎರಡು ಸ್ಟೀಲ್ ತಾಟಿನ ನಡುವೆ ರೊಟ್ಟಿ ಇಟ್ಟು, ಪಂಚೆಯಲ್ಲಿ ಬಿಗಿದು ಕಟ್ಟಿ, ನಿಲ್ಲಿಸದೆ ಮಲಗಿಸಿ ಇಡಬೇಕು. ಉಣ್ಣಲು ತಾಟೂ ಆಯ್ತು.

ಸೈಕಲ್ ಮೇಲೆ ಇರುವಾಗ ತಾಸಿಗೊಮ್ಮೆ ಬಾಯಿಗೆ ಏನಾದರೂ ಬೀಳಬೇಕು. ಶೇಂಗಾ ಉಂಡಿ, ಬೆಲ್ಲ, ಬಾಳೆಹಣ್ಣು. ಮಿರ್ಚಿ, ಗಿರ್ಮಿಟ್ ಕಂಡರೆ ತಡೆಯೋದು ಕಷ್ಟ ಅಂತ ಗೊತ್ತು, ಆದರೆ ಬೆಳಿಗ್ಗೆ ನಾಲ್ಕು ಮಿರ್ಚಿ ತಿಂದು ಎದುರುಗಾಳಿಗೆ ಸೈಕಲ್ ತುಳಿದು ನೋಡಿ, ಆಮೇಲೆ ನೀವೇ ಹೇಳುತ್ತೀರಿ. ಅದು ಸಂಜೆಗಿರಲಿ. ಸವಣೂರಿನಲ್ಲಿ ಖಾರ (ಅಲ್ಲಿನ ಹೆಸರಾದ ಕುರುಕಲು ತಿಂಡಿ) ಕಟ್ಟಿಸಿಕೊಳ್ಳದೆ ಬರಬೇಡಿ, ಅಲ್ಲಿನ ಆನೆ ಗಾತ್ರದ ದೊಡ್ಡ ಹುಣಸೆ (ಬಾವೊಬಾಬ್) ಮರಗಳನ್ನೂ ನೋಡಿ.

ಗದಗ ಜಿಲ್ಲೆಯ ಕೊಳವೆಬಾವಿ ನೀರು ಎಷ್ಟೋ ಕಡೆ ಸವಳು, ಫ್ಲೋರೈಡ್ ಕೂಡ ಇದೆ. ಕೈಪಂಪಿನ ನೀರು ಮುಖ ತೊಳೆಯಲು ಸಾಕು. ಕುಡಿಯಲು ಹಳ್ಳಿಗಳ ಶುದ್ಧ ನೀರಿನ ಘಟಕ ಹುಡುಕಿ. ನಾಣ್ಯ ಹಾಕಿದರೆ ಒಂದು ಕೊಡ ನೀರು ಬರುತ್ತದೆ, ನಿಮ್ಮ ಬಾಟಲಿಗೆ ಅಷ್ಟೇಕೆ? ಕೊಡ ಹಿಡಿದು ನಿಂತವರ ಹತ್ತಿರ ಕೇಳಿದರೆ ಇಲ್ಲ ಅನ್ನಲ್ಲ. ಆದರೂ ಐದು ರೂಪಾಯಿಯ ನಾಲ್ಕು ನಾಣ್ಯ ಜೇಬಲ್ಲಿರಲಿ. ಮೂರು ಲೀಟರ್ ಯಾವಾಗಲೂ ಸೈಕಲ್ ಮೇಲೆ ಇರಬೇಕು.

ದಾರಿಯಲ್ಲಿ

ಅಣ್ಣಿಗೇರಿ ಪಂಪನ ಊರು ಅಂತಾರೆ. ಅಮೃತೇಶ್ವರ ಗುಡಿ ಮುಂದೆ ಅರ್ಧ ತಾಸು ಕಾಲು ಚಾಚಿ. ಲಕ್ಕುಂಡಿಯಲ್ಲಿ ಕಾಶಿ ವಿಶ್ವೇಶ್ವರ, ಬ್ರಹ್ಮ ಜಿನಾಲಯ, ಮುಸುಕಿನ ಬಾವಿ ಮೂರನ್ನೂ ಸೈಕಲ್ ಮೇಲೆಯೇ ಸುತ್ತಬಹುದು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತು ಬರುತ್ತವೆ, 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎರಡನೇ ದಿನ ಬೆಳಿಗ್ಗೆ ಆರಕ್ಕೇ ಬಿಟ್ಟರೆ ಹತ್ತರ ಒಳಗೆ ಕೆರೆ ಏರಿ ಮೇಲೆ ಇರುತ್ತೀರಿ. ಅಲ್ಲಿ ತಾಡಪತ್ರಿ ಬಿಚ್ಚಬೇಡಿ, ಹಕ್ಕಿ ಹೆದರುತ್ತವೆ. ಬಂಕಾಪುರದ ಕೋಟೆಯಲ್ಲಿ ನವಿಲು ಧಾಮ ಇದೆ, ಒಳಗೆ ನಗರೇಶ್ವರ ಗುಡಿ.

ಹುಬ್ಬಳ್ಳಿ ಗದಗ ರಸ್ತೆ ಅಗಲ ಇದೆ, ಆದರೆ ಲಾರಿ ಜಾಸ್ತಿ. ಎಡ ಅಂಚು ಬಿಡಬೇಡಿ. ನಾಲ್ಕನೇ ದಿನದ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವ ಕಡೆಯೆಲ್ಲ ಅದನ್ನೇ ಹಿಡಿಯಿರಿ. ಕತ್ತಲಾದ ಮೇಲೆ ಎಲ್ಲೂ ಬೇಡ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಸ್ತೆ ಮಧ್ಯೆಯೇ ನಿಂತಿರುತ್ತದೆ. ನೂರು ರೂಪಾಯಿಯ ಕೆಂಪು ದೀಪ ಸೀಟಿನ ಹಿಂದೆ ಹಾಕಿ, ಹೆಲ್ಮೆಟ್ ಹಾಕಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ ನೇರ ಸರ್ಕಾರಿ ಆಸ್ಪತ್ರೆಗೆ. ಬೆಳಿಗ್ಗೆ ಬೂಟು ಕೊಡವದೆ ಕಾಲು ಹಾಕಬೇಡಿ.

ಸುಸ್ತಾಯಿತು, ಸೈಕಲ್ ಕೆಟ್ಟಿತು ಅಂದರೆ ರೈಲು ಇದೆ. ಅಣ್ಣಿಗೇರಿ, ಗದಗ ಒಂದು ಮಾರ್ಗದಲ್ಲಿ, ಹಾವೇರಿ, ಯಲವಿಗಿ, ಗುಡಗೇರಿ, ಕುಂದಗೋಳ ಇನ್ನೊಂದರಲ್ಲಿ. ಗದಗ, ಹಾವೇರಿಯಂಥ ದೊಡ್ಡ ನಿಲ್ದಾಣಕ್ಕೆ ಬೇಗ ಹೋಗಿ ಲಗೇಜಿನಲ್ಲಿ ಸೈಕಲ್ ಬುಕ್ ಮಾಡಿಸಿ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು, ಸೈಕಲ್ ತಳ್ಳುತ್ತಾ ನಡೆಯಿರಿ.

ಖರ್ಚು

ನನ್ನ ಹೋದ ಸಲದ ಲೆಕ್ಕ: ಊಟ, ನಾಷ್ಟಾ, ಚಹಾ ದಿನಕ್ಕೆ 250ರ ಹಾಗೆ ಸಾವಿರ ರೂಪಾಯಿ, ಹುಂಡಿಗೆ 150, ಒಂದು ಟ್ಯೂಬು ಮತ್ತು ಪಂಕ್ಚರ್ ಸೇರಿ 200, ಸವಣೂರಿನ ಖಾರ 100. ಮಲಗಲು ಸೊನ್ನೆ. ತಾಡಪತ್ರಿ, ಸೊಳ್ಳೆ ಪರದೆ, ಪಂಪು ಒಮ್ಮೆ ಕೊಂಡದ್ದು ವರ್ಷಗಟ್ಟಲೆ ಬರುತ್ತದೆ. ಫೋನ್ ಚಾರ್ಜಿಗೆ ಖಾನಾವಳಿಯ ಪ್ಲಗ್ಗು.

ವಾಪಸ್ ಬಂದ ದಿನವೇ ಒಂದು ಕೆಲಸ ಮಾಡಿ. ಚೀಲ ಬಿಚ್ಚಿ ಸಾಮಾನೆಲ್ಲ ಪಡಸಾಲೆಯಲ್ಲಿ ಹರವಿ, ಬಳಸಿದ್ದು ಒಂದು ಕಡೆ, ಮುಟ್ಟದೇ ಇದ್ದದ್ದು ಇನ್ನೊಂದು ಕಡೆ ಇಡಿ. ಪ್ಯಾಚು, ಔಷಧಿ ಬಿಟ್ಟು ಎರಡನೇ ರಾಶಿಯದ್ದು ಯಾವುದೂ ಮುಂದಿನ ಸಲ ಸೈಕಲ್ ಏರಬಾರದು. ನನ್ನ ಮೊದಲ ಸುತ್ತಿನ ಆ ರಾಶಿಯಲ್ಲಿ ಎರಡು ಪ್ಯಾಂಟು, ಒಂದು ಕುಕ್ಕರು, ಇಸ್ತ್ರಿ ಮಾಡಿದ ಅಂಗಿ ಮತ್ತು ಒಂದು ಕೊಡೆ ಇದ್ದವು. ಕುಕ್ಕರ್ ಒಯ್ದಿದ್ದೇನೆ ಅಂತ ಅವ್ವನಿಗೆ ಗೊತ್ತಾದದ್ದೇ ಆವತ್ತು.